ಮಾತ್ರೆ ಉಚಿತ, ಜ್ವರ ದುಬಾರಿ: ಹಳ್ಳಿಮನೆಯಲ್ಲಿ ಮಲೇರಿಯಾದ ಲೆಕ್ಕ

ಒಡಿಶಾದ ಕೋರಾಪುಟ್, ಮಲ್ಕಾನ್‌ಗಿರಿ, ರಾಯಗಡ, ಕಂಧಮಾಲ್ ಕಡೆಯ ಗುಡ್ಡಗಾಡು ಹಳ್ಳಿಗಳಲ್ಲಿ ಭತ್ತದ ನಾಟಿ ನಡೆಯುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಅಲ್ಲಿ ಮಲೇರಿಯಾ ಏರುವುದೂ ಮಳೆಗಾಲದಲ್ಲೇ. ಹಿಂದಿನ ವರ್ಷದ ಧಾನ್ಯ ಮುಗಿಯುತ್ತಾ ಬಂದು, ಮನೆಯಲ್ಲಿ ಅರೆಹೊಟ್ಟೆ ಶುರುವಾಗುವುದೂ ಅದೇ ಹೊತ್ತಿಗೆ. ಕೆಲಸ ಮೈಮೇಲೆ ಬಿದ್ದಿದೆ, ಕೈಯಲ್ಲಿ ಕಾಸಿಲ್ಲ, ಅಂಥ ಹೊತ್ತಲ್ಲೇ ಮನೆಯ ದುಡಿಯುವ ಜೀವ ಕಂಬಳಿ ಹೊದ್ದು ನಡುಗುತ್ತಾ ಮಲಗುತ್ತದೆ. ಜನವರಿಯಲ್ಲಿ ಬರುವ ಜ್ವರಕ್ಕೂ ಜುಲೈನಲ್ಲಿ ಬರುವ ಜ್ವರಕ್ಕೂ ಮಾತ್ರೆ ಒಂದೇ. ಆದರೆ ಮನೆ ತೆರುವ ಬೆಲೆ ಒಂದೇ ಅಲ್ಲ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಯಾಕಂದ್ರೆ ಅದು ಸಣ್ಣದಲ್ಲ. 2015ರಲ್ಲಿ ದೇಶದಲ್ಲಿ ಸರ್ಕಾರಿ ಲೆಕ್ಕಕ್ಕೆ ಸಿಕ್ಕ ಮಲೇರಿಯಾ ಪ್ರಕರಣಗಳು 11.69 ಲಕ್ಷ. 2023ರ ಹೊತ್ತಿಗೆ ಅದು 2.27 ಲಕ್ಷಕ್ಕೆ ಇಳಿಯಿತು. ಸಾವು 384ರಿಂದ 83ಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಅತಿ ಹೆಚ್ಚು ಮಲೇರಿಯಾ ಹೊರೆ ಇರುವ ದೇಶಗಳ ಗುಂಪಿನಿಂದ ಭಾರತವನ್ನು 2024ರಲ್ಲಿ ಹೊರಗೆ ತಂದಿತು. 2030ಕ್ಕೆ ಮಲೇರಿಯಾ ಪೂರ್ತಿ ಹೋಗಬೇಕು ಅನ್ನೋದು ಗುರಿ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಅನ್ನುವ ಅಂದಾಜನ್ನು ಪಕ್ಕಕ್ಕಿಟ್ಟು ನೋಡಿದರೆ ನಾವು ಎಷ್ಟು ದೂರ ಬಂದಿದ್ದೇವೆ ಅಂತ ತಿಳಿಯುತ್ತದೆ.

ಆದರೆ ಇಳಿದ ಮಲೇರಿಯಾ ಎಲ್ಲ ಕಡೆಯಿಂದ ಸಮನಾಗಿ ಇಳಿದಿಲ್ಲ. ಪೇಟೆಯಿಂದ, ಬಯಲುಸೀಮೆಯಿಂದ, ರಸ್ತೆ ಇರುವ ಊರುಗಳಿಂದ ಜಾಗ ಖಾಲಿ ಮಾಡಿ, ಕಾಡಂಚಿನ ಬಡ ಹಳ್ಳಿಗಳಲ್ಲಿ ಉಳಿದುಕೊಂಡಿದೆ. ಒಡಿಶಾ, ಛತ್ತೀಸ್‌ಗಢದ ಬಸ್ತರ್, ಜಾರ್ಖಂಡ್, ಈಶಾನ್ಯದ ಗುಡ್ಡಗಳು. ನಮ್ಮ ಅಂಕಿಅಂಶ ಎಣಿಸುವುದು ಪ್ರಕರಣಗಳನ್ನು. ಒಂದು ಪ್ರಕರಣಕ್ಕೆ ಆ ಮನೆ ಏನೇನು ಕಳೆದುಕೊಂಡಿತು ಅನ್ನೋದನ್ನು ಯಾರೂ ಬರೆದಿಡುವುದಿಲ್ಲ. ನನ್ನ ಮಾತು ಅದರ ಬಗ್ಗೆ.

ಕಾಗದದ ಮೇಲೆ ನೋಡಿದರೆ ಖರ್ಚೇ ಇಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆ ಉಚಿತ, ಔಷಧ ಉಚಿತ. ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಪರೀಕ್ಷೆಯ ಪಟ್ಟಿ ಇರುತ್ತದೆ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಬಿಟ್ಟರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಫಾಲ್ಸಿಪಾರಂ ಅನ್ನುವ ಅಪಾಯಕಾರಿ ಬಗೆಯಾದರೆ ಮೂರು ದಿನದ ಮಾತ್ರೆ. ಮಾತ್ರೆ ಪಟ್ಟಿಗಳಿಗೆ ವಯಸ್ಸಿಗೊಂದು ಬಣ್ಣ. ಹಸುಗೂಸಿಗೆ ಗುಲಾಬಿ, ಪುಟ್ಟ ಮಕ್ಕಳಿಗೆ ಹಳದಿ, ಆಮೇಲೆ ಹಸಿರು, ಕೆಂಪು, ದೊಡ್ಡವರಿಗೆ ಬಿಳಿ. ಓದು ಬಾರದವರೂ ತಪ್ಪದಿರಲಿ ಅಂತ ಮಾಡಿದ ಒಳ್ಳೆಯ ಏರ್ಪಾಡು. ವೈವಾಕ್ಸ್ ಅನ್ನುವ ಇನ್ನೊಂದು ಬಗೆಯಾದರೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್.

ಇಷ್ಟೆಲ್ಲ ಪುಕ್ಕಟೆ ಸಿಕ್ಕರೂ ಮನೆ ಯಾಕೆ ಸಾಲಕ್ಕೆ ಬೀಳುತ್ತದೆ?

ಒಂದು ಲೆಕ್ಕ ಮಾಡೋಣ. ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಸುಮ್ನೆ ಅಂದಾಜಿಗೆ ಹಾಕಿದ ಲೆಕ್ಕ. ಗಂಡನಿಗೆ ಜ್ವರ ಬಂತು. ಜ್ವರದ ದಿನಗಳು, ಆಮೇಲಿನ ಸುಸ್ತು ಸೇರಿ ಏಳು ದಿನ ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಅವನನ್ನು ನೋಡಿಕೊಳ್ಳಲು, ಆಸ್ಪತ್ರೆಗೆ ಕರೆದೊಯ್ಯಲು ಮೂರು ದಿನ ಕೂಲಿ ಬಿಟ್ಟಳು. ಒಂದೇ ಮನೆ, ಅದೇ ಸೊಳ್ಳೆ. ತಿಂಗಳೊಳಗೆ ಮಗುವಿಗೂ ಜ್ವರ ಬಂದು ತಾಯಿಗೆ ಮತ್ತೆ ನಾಲ್ಕು ದಿನ ಹೋಯಿತು. ಒಟ್ಟು ಹದಿನಾಲ್ಕು ಕೂಲಿ ದಿನ. 2024-25ರಲ್ಲಿ ಒಡಿಶಾದ ನರೇಗಾ ಕೂಲಿ ದಿನಕ್ಕೆ 254 ರೂಪಾಯಿ. ಅಂದರೆ 3,556 ರೂಪಾಯಿ. ಒಂದು ಮಾತ್ರೆಗೂ ದುಡ್ಡು ಕೊಟ್ಟಿಲ್ಲ, ಬಸ್ಸಿಗೂ ಆಟೋಗೂ ಇನ್ನೂ ಕೊಟ್ಟಿಲ್ಲ. ಆಗಲೇ ಇಷ್ಟು ಹೋಯಿತು.

ಸ್ವಂತ ಗದ್ದೆ ಇರುವವರ ನಷ್ಟ ಇದಕ್ಕಿಂತ ಬೇರೆ ರೀತಿಯದು. ನಾಟಿಗೆ ಸಸಿ ಕಾಯುವುದಿಲ್ಲ. ಮಡಿಯಲ್ಲಿ ಹೆಚ್ಚು ದಿನ ಬಲಿತ ಸಸಿಯನ್ನು ನೆಟ್ಟರೆ ತೆಂಡೆ ಕಮ್ಮಿ ಒಡೆಯುತ್ತದೆ, ಇಳುವರಿ ಇಳಿಯುತ್ತದೆ. ಗದ್ದೆಯಲ್ಲಿ ನೀರು ನಿಂತಿರುವ ಆ ಹತ್ತು ದಿನ ತಪ್ಪಿದರೆ ಮುಂದಿನ ಮಳೆಗೆ ಕಾಯಬೇಕು. ಜುಲೈನ ಒಂದು ವಾರದ ಜ್ವರದ ಬಿಲ್ಲು ಡಿಸೆಂಬರ್‌ನ ಕಣದಲ್ಲಿ ಬರುತ್ತದೆ. ಆಗ ಅದನ್ನು ಮಲೇರಿಯಾದ ಖರ್ಚು ಅಂತ ಯಾರೂ ಕರೆಯುವುದಿಲ್ಲ. ಈ ವರ್ಷ ಬೆಳೆ ಸರಿಯಾಗಿ ಬರಲಿಲ್ಲ ಅಂತಾರೆ, ಅಷ್ಟೇ.

ನೇರ ಖರ್ಚು ಹುಟ್ಟುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಮಲೇರಿಯಾದ ಚಿಕಿತ್ಸೆಯಲ್ಲಿ ಈ ಎರಡು ದಿನವೇ ಮುಖ್ಯ. ಫಾಲ್ಸಿಪಾರಂ ಬೇಗ ಮೆದುಳಿಗೆ, ಮೂತ್ರಪಿಂಡಕ್ಕೆ ಏರಬಲ್ಲದು. ಮಕ್ಕಳಲ್ಲಂತೂ ತುಂಬ ಬೇಗ. ಆದರೆ ಮನೆಯವರಿಗೆ ಮೊದಲ ದಿನ ಅದು ಬರೀ ಜ್ವರ. ನಾಳೆ ಇಳಿಯುತ್ತದೆ ಅಂತ ಕಾಯುತ್ತಾರೆ. ಇಳಿಯದಿದ್ದರೆ ಊರಿನ ಗುನಿಯಾನ ಹತ್ತಿರ ಹೋಗುತ್ತಾರೆ. ಅವನು ಮಂತ್ರ ಹಾಕುತ್ತಾನೆ, ಬೇರು ಕೊಡುತ್ತಾನೆ, ಕೋಳಿ ಕೇಳುತ್ತಾನೆ. ಅಲ್ಲಿಂದ ಸಂತೆ ಊರಿನ ಪದವಿಯಿಲ್ಲದ ಡಾಕ್ಟರ್. ಅವನು ಒಂದು ಸೂಜಿ ಚುಚ್ಚಿ, ಗ್ಲೂಕೋಸ್ ಬಾಟಲಿ ಏರಿಸುತ್ತಾನೆ. ಬಾಟಲಿ ಏರಿದರೆ ಜೀವ ಬಂದಂತೆ ಅನಿಸುತ್ತದೆ, ರಕ್ತದಲ್ಲಿರುವ ರೋಗಾಣು ಮಾತ್ರ ಹಾಗೇ ಉಳಿಯುತ್ತದೆ. ಕೈಯಲ್ಲಿದ್ದ ದುಡ್ಡು ಇಷ್ಟರಲ್ಲಿ ಮುಗಿದಿರುತ್ತದೆ. ಸರ್ಕಾರಿ ಆಸ್ಪತ್ರೆಗೆ ತಲುಪುವಾಗ ರೋಗಿಗೆ ಮೈಮೇಲೆ ಎಚ್ಚರವಿರುವುದಿಲ್ಲ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರು ಜಾಸ್ತಿ. ನನಗೆ ಹಾಗೆ ಅನಿಸುವುದಿಲ್ಲ. ಸಂತೆ ಡಾಕ್ಟರ್ ರಾತ್ರಿ ಎಂಟಕ್ಕೂ ಬಾಗಿಲು ತೆರೆಯುತ್ತಾನೆ. ಕೂಲಿ ಕೆಲಸ ಮುಗಿಸಿ ಹೋಗಬಹುದು. ಮುಖ್ಯವಾಗಿ ಅವನು ಸಾಲಕ್ಕೆ ಚಿಕಿತ್ಸೆ ಕೊಡುತ್ತಾನೆ, ಸುಗ್ಗಿಗೆ ತೀರಿಸಿದರೆ ಸಾಕು ಅನ್ನುತ್ತಾನೆ. ಉಚಿತ ಆಸ್ಪತ್ರೆ ಹಗಲು ಹೊತ್ತಿನ ಕೂಲಿ ಕೇಳುತ್ತದೆ, ಹೋಗಿ ಬರುವ ಗಾಡಿ ಬಾಡಿಗೆಯನ್ನು ಕೈಮೇಲೆ ಕೇಳುತ್ತದೆ. ಜೇಬಲ್ಲಿ ಐವತ್ತು ರೂಪಾಯಿ ಇರುವ ಮನುಷ್ಯನಿಗೆ ಇವತ್ತು ಕಡಿಮೆ ಬೀಳುವುದು ಯಾವುದು? ಅವನು ಮಾಡುವ ಆಯ್ಕೆಗೆ ಕಾರಣ ಇದೆ. ಆ ಕಾರಣವನ್ನು ಸರಿಪಡಿಸದೆ ಗೋಡೆ ಬರಹ ಬರೆಸಿ ಏನೂ ಆಗುವುದಿಲ್ಲ.

ಇನ್ನು, ಮನೆ ಇದನ್ನು ಹೇಗೆ ತಾಳಿಕೊಳ್ಳುತ್ತದೆ ಅನ್ನೋದು. ಮೊದಲು ಕೈಗೆ ಬರುವುದು ದುಡ್ಡಲ್ಲ, ಮನೆಯವರ ಮೈ. ಗಂಡ ಮಲಗಿದರೆ ಅವನ ಕೆಲಸ ಹೆಂಡತಿ ಮಾಡುತ್ತಾಳೆ. ಹೆಂಡತಿಯ ಕೆಲಸ ದೊಡ್ಡ ಮಗಳಿಗೆ ಬರುತ್ತದೆ. ಮಗಳು ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಒಲೆ ಮುಂದೆ ಕೂರುತ್ತಾಳೆ. 1990ರ ದಶಕದಲ್ಲಿ ರೈನರ್ ಸಾವರ್‌ಬಾರ್ನ್ ಮತ್ತು ಜೊತೆಗಾರರು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ಹಳ್ಳಿಗಳಲ್ಲಿ ಕಾಯಿಲೆಯ ಖರ್ಚನ್ನು ಮನೆಗಳು ಹೇಗೆ ಹೊರುತ್ತವೆ ಅಂತ ಅಧ್ಯಯನ ಮಾಡಿದಾಗ ಕಂಡದ್ದೂ ಇದೇ. ಮಲಗಿದವನ ಕೆಲಸವನ್ನು ಮನೆಯ ಉಳಿದವರು ಹಂಚಿಕೊಳ್ಳುವುದು ಮುಖ್ಯ ದಾರಿ, ದುಡ್ಡಿಗೆ ಆಡು ಕುರಿ ಮಾರುವುದು ಮುಖ್ಯ ದಾರಿ. ಎರಡು ಖಂಡ, ಬೇರೆ ಭಾಷೆ, ಬೇರೆ ಬೆಳೆ. ಮನೆ ಮಾತ್ರ ಒಂದೇ ರೀತಿ ನಡೆದುಕೊಳ್ಳುತ್ತದೆ.

ನಮ್ಮ ಕಡೆ ಮುಯ್ಯಾಳು ಅಂತ ಇದೆಯಲ್ಲ, ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ ಅನ್ನುವ ಏರ್ಪಾಡು, ಅಂಥದ್ದು ಒಡಿಶಾದ ಹಳ್ಳಿಗಳಲ್ಲೂ ಇದೆ. ಒಂದು ಮನೆಗೆ ಕಷ್ಟ ಬಂದರೆ ಅದು ಕೈ ಹಿಡಿಯುತ್ತದೆ. ಆದರೆ ಮಲೇರಿಯಾ ಒಂದು ಮನೆಗೆ ಬರುವ ಕಷ್ಟವಲ್ಲ. ಒಂದೇ ವಾರದಲ್ಲಿ ಓಣಿಯ ನಾಲ್ಕಾರು ಮನೆಗಳಲ್ಲಿ ಜನ ಮಲಗುತ್ತಾರೆ. ಮುಯ್ಯಿ ತೀರಿಸಬೇಕಾದವನೂ ಹಾಸಿಗೆ ಹಿಡಿದಿರುತ್ತಾನೆ. ಆಮೇಲೆ ಉಳಿಯುವುದು ಮಾರಾಟ. ಮೊದಲು ಕೋಳಿ, ಆಮೇಲೆ ಆಡು. ಹಿಪ್ಪೆ ಹೂವು, ಹುಣಸೆಹಣ್ಣು ಕೂಡಿಟ್ಟಿದ್ದರೆ ಅದು. ಊರಿಗೆ ಊರೇ ಮಾರಲು ನಿಂತಾಗ ಸಂತೆಯಲ್ಲಿ ಬೆಲೆ ಬೀಳುತ್ತದೆ. ಕೊನೆಗೆ ಸಾಹುಕಾರ. ನಿಂತ ಬೆಳೆಯ ಮೇಲೆ ಸಾಲ, ಇಲ್ಲವೇ ಗದ್ದೆಯೇ ಒತ್ತೆ.

ಇದಕ್ಕೆ ತಜ್ಞರ ವರದಿಗಳಲ್ಲಿ ನಿಭಾಯಿಸುವ ತಂತ್ರ ಅಂತ ಹೆಸರು. ಓದುವಾಗ ಏನೋ ಜಾಣತನದ ಹಾಗೆ ಕೇಳುತ್ತದೆ. ನಿಜಕ್ಕೂ ಅಲ್ಲಿ ನಡೆಯುವುದು ಹೊರೆಯನ್ನು ಹೊರಲಾರದವರ ಹೆಗಲಿಗೆ ಸರಿಸುವ ಕೆಲಸ. ಮಲಗಿದವನಿಂದ ಹೆಂಡತಿಗೆ, ಹೆಂಡತಿಯಿಂದ ಮಗಳ ಶಾಲೆಗೆ, ಈ ವರ್ಷದಿಂದ ಮುಂದಿನ ವರ್ಷಕ್ಕೆ. ಜ್ವರ ವಾಸಿಯಾದರೂ ಲೆಕ್ಕ ಮುಗಿಯುವುದಿಲ್ಲ. ಬಸುರಿಗೆ ಮಲೇರಿಯಾ ಬಂದರೆ ರಕ್ತ ಕಡಿಮೆಯಾಗಿ ಮಗು ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ಪದೇ ಪದೇ ಜ್ವರ ಬಂದ ಮಗು ರಕ್ತಹೀನತೆಯಲ್ಲೇ ಬೆಳೆಯುತ್ತದೆ, ತರಗತಿಯಲ್ಲಿ ತೂಕಡಿಸುತ್ತದೆ.

ಪಶ್ಚಿಮ ಒಡಿಶಾದ ಬಲಾಂಗಿರ್, ನುವಾಪಾಡ, ಕಾಲಾಹಾಂಡಿ ಕಡೆ ಸಾಲಕ್ಕೆ ಇನ್ನೊಂದು ಬಾಗಿಲಿದೆ. ಅದರ ಹೆಸರು ದಾದನ್. ಗುತ್ತಿಗೆದಾರ ಮುಂಗಡ ದುಡ್ಡು ಕೊಡುತ್ತಾನೆ, ಸುಗ್ಗಿ ಮುಗಿದ ಮೇಲೆ ಕುಟುಂಬಕ್ಕೆ ಕುಟುಂಬವೇ ಇಟ್ಟಿಗೆ ಗೂಡಿಗೆ ಹೊರಡುತ್ತದೆ. ತೆಲಂಗಾಣ, ಆಂಧ್ರ, ತಮಿಳುನಾಡು, ನಮ್ಮ ಕರ್ನಾಟಕ. ಮುಂಗಡ ತೆಗೆದುಕೊಳ್ಳಲು ಮದುವೆ, ಬರಗಾಲ ಹೀಗೆ ಹಲವು ಕಾರಣ. ಕಾಯಿಲೆಯ ಸಾಲ ಅದರಲ್ಲಿ ಒಂದು. ನಮ್ಮ ಮನೆ ಕಟ್ಟಲು ಬರುವ ಇಟ್ಟಿಗೆಯಲ್ಲಿ ಯಾರದೋ ಜ್ವರದ ಬಾಕಿಯೂ ಸೇರಿರಬಹುದು.

ಹೀಗೆ ಬರುವವರ ಜೊತೆ ರೋಗವೂ ಕೆಲವೊಮ್ಮೆ ಬರುತ್ತದೆ. ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂತು, ವಾರಗಳೋ ತಿಂಗಳುಗಳೋ ಆದ ಮೇಲೆ ಮತ್ತೆ ಎದ್ದು ಬರುತ್ತದೆ. ಹದಿನಾಲ್ಕು ದಿನದ ಪ್ರೈಮಾಕ್ವಿನ್ ಅದಕ್ಕೇ ಇರುವುದು. ಆದರೆ ಮೂರನೇ ದಿನಕ್ಕೆ ಜ್ವರ ಬಿಟ್ಟಿರುತ್ತದೆ. ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗಿದರೆ ಹೊಟ್ಟೆ ನೋವು. ಅರೆಹೊಟ್ಟೆಯ ತಿಂಗಳಲ್ಲಿ ತುಂಬಿದ ಹೊಟ್ಟೆಗೆ ತಗೋ ಅಂದರೆ ಹೇಗೆ? ಐದನೇ ದಿನಕ್ಕೋ ಆರನೇ ದಿನಕ್ಕೋ ಮಾತ್ರೆ ನಿಲ್ಲುತ್ತದೆ, ರೈಲು ಹತ್ತುವ ದಿನ ಬರುತ್ತದೆ. ಮಂಗಳೂರಿನಲ್ಲಿ 1990ರ ದಶಕದಲ್ಲಿ ಕಟ್ಟಡ ಕೆಲಸ ಜೋರಾದ ಮೇಲೆ ಮಲೇರಿಯಾ ಮತ್ತೆ ತಲೆ ಎತ್ತಿತು. ಹೊರಗಿನಿಂದ ಬಂದ ಕೂಲಿಕಾರರು, ಕಟ್ಟಡಗಳಲ್ಲಿ ನಿಂತ ನೀರು, ಆ ನೀರಲ್ಲಿ ಬೆಳೆಯುವ ಸ್ಟೀಫೆನ್ಸಿ ಸೊಳ್ಳೆ, ಮೂರೂ ಕೂಡಿದವು. ಎಷ್ಟೋ ವರ್ಷ ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದ್ದೇ ಆಗಿತ್ತು. ಆಮೇಲೆ ಪ್ರತಿ ರೋಗಿಯನ್ನೂ ಹುಡುಕಿ, ಸುತ್ತಲಿನ ಮನೆಗಳಲ್ಲಿ ರಕ್ತ ಪರೀಕ್ಷೆ ಮಾಡಿ ಅಲ್ಲಿ ಅದನ್ನು ಚೆನ್ನಾಗಿ ತಗ್ಗಿಸಿದರು. ಊರಿನವರು ಇದನ್ನು ಹೊರಗಿನವರು ತಂದ ರೋಗ ಅಂದರು. ಆ ಹೊರಗಿನವನು ಹದಿನಾಲ್ಕು ದಿನದ ಮಾತ್ರೆ ಯಾಕೆ ಮುಗಿಸಲಿಲ್ಲ ಅನ್ನುವ ಪ್ರಶ್ನೆ ಅವನ ಊರಲ್ಲೇ ಉಳಿಯಿತು.

ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. ಡಿಡಿಟಿ ಬರುವ ಮೊದಲು ನಮ್ಮ ಮಲೆನಾಡು ಮಲೇರಿಯಾದ ಸೀಮೆಯೇ ಆಗಿತ್ತು. ಗುಲ್ಮ ಊದಿ ಹೊಟ್ಟೆಯ ಎಡಭಾಗದಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು ಊರೂರಲ್ಲಿದ್ದರು. ಜನ ಸತ್ತು, ಉಳಿದವರು ಬಿಟ್ಟುಹೋಗಿ ಹಾಳುಬಿದ್ದ ಹಳ್ಳಿಗಳಿದ್ದವು. ಕರಾವಳಿಯಿಂದ ಘಟ್ಟ ಹತ್ತಿ ತೋಟ, ಗದ್ದೆ ಕೆಲಸಕ್ಕೆ ಹೋದವರು ಕೂಲಿಯ ಜೊತೆ ಚಳಿಜ್ವರವನ್ನೂ ಹೊತ್ತು ತರುತ್ತಿದ್ದರು. ಇತ್ತ ಮಂಡ್ಯ ಸೀಮೆಗೆ 1930ರ ದಶಕದಲ್ಲಿ ನಾಲೆ ನೀರು ಬಂದಾಗ ಕಬ್ಬು, ಭತ್ತದ ಜೊತೆ ಮಲೇರಿಯಾವೂ ಬಂತು. ಆಗಿನ ನಮ್ಮ ಅಜ್ಜ ಅಜ್ಜಿಯರು ಇದ್ದ ಜಾಗದಲ್ಲಿ ಇವತ್ತು ಕೋರಾಪುಟ್‌ನ ಮನೆ ಇದೆ.

ತಡೆಯುವ ದಾರಿ ಗೊತ್ತಿದೆ. ಔಷಧ ಲೇಪಿಸಿದ ಸೊಳ್ಳೆ ಪರದೆ, ಗೋಡೆಗೆ ಔಷಧ ಸಿಂಪಡಣೆ, ಬೇಗ ಪರೀಕ್ಷೆ. ಇಲ್ಲೂ ಮನೆಯ ಲೆಕ್ಕ ಅಡ್ಡ ಬರುತ್ತದೆ. ಪರದೆಗೆ ಸ್ವಲ್ಪವಾದರೂ ಬೆಲೆ ಇಟ್ಟರೆ ಜನ ಬೆಲೆ ಅರಿತು ಬಳಸುತ್ತಾರೆ ಅಂತ ಒಂದು ವಾದ ಬಹಳ ಕಾಲ ಇತ್ತು. ಜೆಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ದ್ಯುಪಾ ಕೀನ್ಯಾದಲ್ಲಿ ಇದನ್ನು ಬಸುರಿಯರ ನಡುವೆ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಉಚಿತ ಇದ್ದ ಪರದೆಗೆ ಬರೀ 60 ಅಮೆರಿಕನ್ ಸೆಂಟ್ ಬೆಲೆ ಇಟ್ಟರೆ ತೆಗೆದುಕೊಳ್ಳುವವರ ಪ್ರಮಾಣ ಶೇಕಡಾ 60 ಅಂಶದಷ್ಟು ಕುಸಿಯಿತು. ಉಚಿತವಾಗಿ ಪಡೆದವರು ಕಮ್ಮಿ ಬಳಸಿದರು ಅನ್ನೋದಕ್ಕೂ ಪುರಾವೆ ಸಿಗಲಿಲ್ಲ. ಒಡಿಶಾದಲ್ಲೇ ಅಲೆಸಾಂದ್ರೋ ತರೋಝಿ ಮತ್ತು ಜೊತೆಗಾರರು 141 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಪರದೆಯನ್ನು ಕಿರುಸಾಲದಲ್ಲಿ ಕೊಟ್ಟಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮನೆಗಳು ಒಂದಾದರೂ ಪರದೆ ಕೊಂಡವು. ಬಡವರು ತಡೆಗೆ ದುಡ್ಡು ಹಾಕುವುದಿಲ್ಲ ಅನ್ನುವ ಮಾತು ಸುಳ್ಳಾಯಿತು. ಆದರೆ ಆ ಹಳ್ಳಿಗಳಲ್ಲಿ ಮಲೇರಿಯಾ ಇಳಿದದ್ದು ಕಾಣಲಿಲ್ಲ. ಒಂದಷ್ಟು ಮನೆಗಳಲ್ಲಿ ಒಂದೆರಡು ಪರದೆ ಇದ್ದರೆ ಸಾಲದು, ಊರಿಗೆ ಊರೇ ಪರದೆಯೊಳಗೆ ಮಲಗಬೇಕು. ಅದನ್ನು ಒಂದೊಂದು ಮನೆಯ ಜೇಬಿಗೆ ಬಿಟ್ಟು ಸಾಧಿಸಲಾಗುವುದಿಲ್ಲ.

ಸಿಂಪಡಣೆಯ ಕಥೆಯನ್ನು ಹತ್ತಿರದಿಂದ ನೋಡಿದರೆ ಇನ್ನೂ ಕೆಲವು ವಿಷಯ ತಿಳಿಯುತ್ತದೆ. ಔಷಧ ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯಬೇಕು. ಮಣ್ಣಿನ ಗೋಡೆಯ ಮನೆಯಲ್ಲಿ ಹಬ್ಬ ಬಂತು ಅಂದರೆ ಹೆಂಗಸರು ಮಣ್ಣು, ಸಗಣಿ ಕಲಸಿ ಗೋಡೆ ಸಾರಿಸುತ್ತಾರೆ. ಅಲ್ಲಿಗೆ ಔಷಧ ಮಣ್ಣಿನಡಿ ಹೋಯಿತು. ಹಬ್ಬದ ಹಿಂದಿನ ವಾರ ಸಿಂಪಡಿಸಿ ಹೋಗುವ ತಂಡಕ್ಕೆ ಇದು ಗೊತ್ತಿರಬೇಕು, ಅಲ್ವಾ? ಮೇಲಾಗಿ ಸಿಂಪಡಿಸುವ ದಿನ ಪಾತ್ರೆ, ಧಾನ್ಯ, ಹಾಸಿಗೆ ಎಲ್ಲ ಹೊರಗಿಡಬೇಕು. ಮನೆಯಲ್ಲಿ ಒಬ್ಬರು ಕೂಲಿ ಬಿಟ್ಟು ಉಳಿಯಬೇಕು. ಬೆಳೆ ಕಾಯಲು ರಾತ್ರಿ ಹೊಲದ ಮಾಳದಲ್ಲಿ ಮಲಗುವವನಿಗೆ ಮನೆಯ ಗೋಡೆಯೂ ಇಲ್ಲ, ಪರದೆಯೂ ಇಲ್ಲ.

ಆರೋಗ್ಯ ವಿಮೆ ಇದೆಯಲ್ಲ ಅಂತ ಕೇಳಬಹುದು. ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಆಸ್ಪತ್ರೆಗೆ ದಾಖಲಾದರೆ. ಮಲೇರಿಯಾದವರಲ್ಲಿ ಹೆಚ್ಚಿನವರು ದಾಖಲಾಗುವುದೇ ಇಲ್ಲ. ಹೋಗುವ ಕೂಲಿ, ಗಾಡಿ ಬಾಡಿಗೆ, ಸಂತೆ ಡಾಕ್ಟರ್ ಬಿಲ್ಲು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ದಾಖಲಾದವರ ಕಥೆಯೂ ಅಷ್ಟಕ್ಕಷ್ಟೇ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ, ಎಲ್ಲ ಕಾಯಿಲೆ ಸೇರಿ, ಹಳ್ಳಿಯವರು ಒಮ್ಮೆ ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ಸರಾಸರಿ ಸುಮಾರು 4,300 ರೂಪಾಯಿ, ಖಾಸಗಿಯಲ್ಲಿ 27,000ಕ್ಕೂ ಹೆಚ್ಚು ಖರ್ಚು ಮಾಡಿದ್ದರು.

ಮನೆಯ ಮೇಲಿನ ಈ ಭಾರವನ್ನು ನಿಜಕ್ಕೂ ಇಳಿಸಿದ್ದು ರೋಗಿ ಬರಲಿ ಅಂತ ಕಾಯದೆ ಮನೆ ಬಾಗಿಲಿಗೇ ಹೋದ ಯೋಜನೆಗಳು. ಒಡಿಶಾ 2017ರಲ್ಲಿ ದಮನ್ ಅನ್ನುವ ಕಾರ್ಯಕ್ರಮ ಶುರು ಮಾಡಿತು. ದಾರಿಯಿಲ್ಲದ ಹಾಡಿಗಳಿಗೆ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹೋಗಿ, ಜ್ವರ ಇರಲಿ ಬಿಡಲಿ, ಎಲ್ಲರ ರಕ್ತವನ್ನೂ ಪರೀಕ್ಷಿಸುವುದು. ಪರದೆ ಹಂಚಿಕೆಯೂ ಅದೇ ಹೊತ್ತಿಗೆ ಜೋರಾಗಿ ನಡೆಯಿತು. 2016ರಲ್ಲಿ 4.4 ಲಕ್ಷ ಇದ್ದ ಒಡಿಶಾದ ಪ್ರಕರಣಗಳು 2019ಕ್ಕೆ ಸುಮಾರು 40 ಸಾವಿರಕ್ಕೆ ಬಂದವು. ಬಸ್ತರ್‌ನಲ್ಲಿ 2020ರ ಜನವರಿಯಲ್ಲಿ ಇದೇ ರೀತಿಯ ಅಭಿಯಾನ ಶುರುವಾಯಿತು. ಅಲ್ಲಿ ಆಶಾ ಕಾರ್ಯಕರ್ತೆಗೆ ಮಿತಾನಿನ್ ಅನ್ನುತ್ತಾರೆ, ಗೆಳತಿ ಅಂತ. ಮೊದಲ ಸುತ್ತಿನಲ್ಲಿ ರೋಗಾಣು ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಜ್ವರವೇ ಇರಲಿಲ್ಲ. ಜ್ವರ ಬಂದವರು ಆಸ್ಪತ್ರೆಗೆ ಬರಲಿ ಅಂತ ಕೂತಿದ್ದರೆ ಇವರು ಯಾರೂ ಸಿಗುತ್ತಿರಲಿಲ್ಲ. ಅವರಿಂದ ಸೊಳ್ಳೆಗೆ, ಸೊಳ್ಳೆಯಿಂದ ಪಕ್ಕದ ಮನೆಗೆ ರೋಗ ಹರಿಯುತ್ತಲೇ ಇರುತ್ತಿತ್ತು. ಆದರೆ ಒಡಿಶಾದಲ್ಲಿ 2023ರಿಂದ ಪ್ರಕರಣಗಳು ಮತ್ತೆ ಏರಿವೆ. ಮಲೇರಿಯಾ ಬಿಟ್ಟ ಕೈಯನ್ನು ಕಾಯುತ್ತಿರುತ್ತದೆ. ಎಪ್ಪತ್ತರ ದಶಕದಲ್ಲೂ ಹೀಗೇ ಆಗಿತ್ತು. 1965ರಲ್ಲಿ ಇಡೀ ದೇಶದಲ್ಲಿ ಒಂದು ಲಕ್ಷದ ಆಸುಪಾಸು ಇದ್ದ ಪ್ರಕರಣಗಳ ಸಂಖ್ಯೆ 1976ರಲ್ಲಿ 64 ಲಕ್ಷಕ್ಕೆ ಏರಿತ್ತು.

ಇಷ್ಟಾದರೂ ಕೂಲಿಯ ಪ್ರಶ್ನೆ ಹಾಗೇ ಉಳಿದಿದೆ. ಕ್ಷಯ ರೋಗಿಗಳಿಗೆ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1,000 ಮಾಡಿತು. ರೋಗ ವಾಸಿಯಾಗಲು ಮಾತ್ರೆಯಷ್ಟೇ ಸಾಲದು, ಮನೆಯಲ್ಲಿ ಅನ್ನವೂ ಬೇಕು ಅಂತ ಒಪ್ಪಿಕೊಂಡ ಹಾಗಾಯಿತು. ಮಲೇರಿಯಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿದವರಿಗೆ ಕೆಲವು ದಿನದ ಕೂಲಿ ಕೊಡಬೇಕು. ಅರ್ಧ ಜ್ವರ ಬಿಟ್ಟಾಗ, ಇನ್ನರ್ಧ ಹದಿನಾಲ್ಕನೇ ದಿನದ ಮಾತ್ರೆ ಮುಗಿದಾಗ. ಇಡೀ ದೇಶದಲ್ಲಿ 2023ರಲ್ಲಿ ಇದ್ದದ್ದು ಎರಡೂಕಾಲು ಲಕ್ಷ ಪ್ರಕರಣ. ಒಬ್ಬೊಬ್ಬರಿಗೆ ಐದು ದಿನದ ಕೂಲಿ ಅಂತ 254ರ ದರದಲ್ಲಿ ಲೆಕ್ಕ ಹಾಕಿದರೆ ಮೂವತ್ತು ಕೋಟಿ ರೂಪಾಯಿಯ ಒಳಗೇ ಮುಗಿಯುತ್ತದೆ. ಕೂಲಿ ಸಿಗುತ್ತದೆ ಅಂತ ಗೊತ್ತಾದರೆ ಜನ ಪರೀಕ್ಷೆಗೆ ಬೇಗ ಬರುತ್ತಾರೆ, ಹೆಚ್ಚು ಜನ ಬರುತ್ತಾರೆ. ಆಗ ಲೆಕ್ಕದ ಪ್ರಕರಣ ಸ್ವಲ್ಪ ಏರಿದಂತೆ ಕಾಣಬಹುದು. ಅದಕ್ಕೆ ಅಧಿಕಾರಿಗಳು ಹೆದರಬಾರದು, ಅಡಗಿದ್ದದ್ದು ಕಾಣಿಸಿಕೊಂಡಿತು ಅಂತ ತಿಳಿಯಬೇಕು. ಜೊತೆಗೆ ಆಶಾಗೆ ಒಂದು ಪರೀಕ್ಷೆಗೆ ಸಿಗುವ 15 ರೂಪಾಯಿಯನ್ನೂ ಮತ್ತೆ ನೋಡಬೇಕು. ಮಳೆಯಲ್ಲಿ ಹಳ್ಳ ದಾಟಿ ಇನ್ನೊಂದು ಹಾಡಿಗೆ ಹೋಗಿ ಬರುವ ಹೆಂಗಸಿಗೆ ಆ 15 ರೂಪಾಯಿ ಏನೇನೂ ಅಲ್ಲ. ಅವಳ ಚೀಲದಲ್ಲಿ ಪಟ್ಟಿ, ಮಾತ್ರೆ ಜೂನ್ ಮೊದಲ ವಾರದೊಳಗೆ ತುಂಬಿರಬೇಕು. ಹಳ್ಳ ತುಂಬಿದ ಮೇಲೆ ಹೊರಟ ಸಾಮಾನು ಆ ವರ್ಷದ ನಾಟಿಗೆ ಮುಟ್ಟುವುದಿಲ್ಲ.